ಮನೆಯಲ್ಲೇ ಹೆರಿಗೆ ಆಗ್ಬೇಕು ಅಂತ ಉಂಟಾ? ಮೊದ್ಲು ಯಾಕೆ ಅಂತ ಒಂದು ಹಾಳೆಯಲ್ಲಿ ಬರೀರಿ

ನಮ್ಮ ಉಡುಪಿ, ಮಂಗಳೂರು ಕಡೆ ಈಗ ಯಾರಾದ್ರೂ ಮನೆಯಲ್ಲೇ ಹೆರ್ತೇನೆ ಅಂದ್ರೆ ಜನ ಮೇಲಿಂದ ಕೆಳಗೆ ನೋಡ್ತಾರೆ. ಹಂಪನಕಟ್ಟೆಯಲ್ಲಿ 1849ರಿಂದ ಲೇಡಿಗೋಶನ್ ಸರ್ಕಾರಿ ಹೆರಿಗೆ ಆಸ್ಪತ್ರೆ ಉಂಟು, ಮಣಿಪಾಲ ಆಸ್ಪತ್ರೆ ಉಂಟು, ಕಂಕನಾಡಿ ಆಸ್ಪತ್ರೆ ಉಂಟು, ಪೇಟೆಗೆ ನಾಲ್ಕು ನರ್ಸಿಂಗ್ ಹೋಮ್ ಉಂಟು, ಇಷ್ಟೆಲ್ಲ ಇಟ್ಕೊಂಡು ಎಂತ ಹುಚ್ಚು ಮಾರಾಯ್ತಿ ಅಂತ. ಆದ್ರೂ ಕೇಳುವವರು ಇದ್ದಾರೆ. ನಾನು ತುಂಬ ವರ್ಷ ಲೇಬರ್ ರೂಮಲ್ಲಿ ಡ್ಯೂಟಿ ಮಾಡಿದ ನರ್ಸ್, ಹಾಗಾಗಿ ಮದ್ವೆ ಮನೆಯಲ್ಲೋ ಸೀಮಂತದಲ್ಲೋ ಸಿಕ್ಕಿದವರು ಬದಿಗೆ ಕರ್ದು ಮೆಲ್ಲ ಕೇಳ್ತಾರೆ, ಅಕ್ಕ, ಮನೆಯಲ್ಲೇ ಮಾಡಿಸ್ಲಿಕ್ಕೆ ಆಗ್ತದಾ ಅಂತ. ಹೀಗೆ ಕೇಳುವವರು ಓದದವರು ಅಂತ ತಿಳ್ಕೊಳ್ಬೇಡಿ, ಬ್ಯಾಂಕಲ್ಲಿ ಇರುವವರು, ಲ್ಯಾಪ್‌ಟಾಪ್ ಹಿಡ್ಕೊಂಡು ಮನೆಯಿಂದ ಕೆಲಸ ಮಾಡುವವರು, ಹೆಚ್ಚಿನವರಿಗೆ ಒಂದು ಮಗು ಆಸ್ಪತ್ರೆಯಲ್ಲಿ ಆಗಿರ್ತದೆ, ಎರಡನೆಯದಕ್ಕೆ ಆ ಕಡೆ ತಲೆ ಹಾಕಿ ಮಲಗುದೂ ಬೇಡ ಅನ್ನಿಸಿರ್ತದೆ.

ಅಂಥವರಿಗೆ ನಾನು ಹೌದು ಅಂತಲೂ ಹೇಳುದಿಲ್ಲ, ಛೀ ಅಂತಲೂ ಹೇಳುದಿಲ್ಲ. ಒಂದು ಹಾಳೆ ತಕ್ಕೊಂಡು ನಡುವೆ ಗೆರೆ ಎಳೀರಿ, ಎಡಗಡೆ ಮನೆಯೇ ಯಾಕೆ ಬೇಕು ಅಂತ ಬರೀರಿ, ಬಲಗಡೆ ಅದೇ ಆಸೆ ಆಸ್ಪತ್ರೆಯಲ್ಲಿ ತೀರ್ತದಾ ಇಲ್ವಾ ಅಂತ ಬರೀರಿ ಅಂತೇನೆ. ಗಂಡನನ್ನೂ ಕೂರಿಸ್ಕೊಳ್ಳಿ, ಅಮ್ಮ ಇದ್ರೆ ಅಮ್ಮನನ್ನೂ. ಎಡಗಡೆ ಬರುವ ಸಾಲುಗಳು ಬಹುತೇಕ ಹೀಗಿರ್ತವೆ: ಬೊಬ್ಬೆ ಹಾಕಿದ್ರೆ ಜೋರು ಮಾಡ್ತಾರೆ, ಗಂಡನನ್ನು ಒಳಗೆ ಬಿಡುದಿಲ್ಲ, ಅಂಗಾತ ಮಲಗಿಸಿ ಕಾಲು ಮೇಲೆ ಕಟ್ತಾರೆ, ಮಗು ಬರುವ ದಾರಿ ಅಗಲ ಮಾಡ್ಲಿಕ್ಕೆ ಕೇಳದೆ ಕತ್ತರಿ ಹಾಕ್ತಾರೆ, ಗಂಟೆಗೊಬ್ಬರು ಬಂದು ಕೈ ಹಾಕಿ ನೋಡ್ತಾರೆ, ಮಗುವನ್ನು ಎತ್ತಿ ಎಲ್ಲಿಗೋ ಕೊಂಡು ಹೋಗ್ತಾರೆ, ಕೊನೆಗೆ ಸಿಸೇರಿಯನ್ ಮಾಡಿ ಲಕ್ಷದ ಬಿಲ್ ಕೈಗೆ ಕೊಡ್ತಾರೆ. ಕೆಲವರಿಗೆ ಗಂಡಸು ಡಾಕ್ಟರ್ ಬೇಡ. ಕೆಲವರ ಮೊದಲನೆಯದು ಎರಡೇ ಗಂಟೆಯಲ್ಲಿ ಆಗಿದೆ, ಆಸ್ಪತ್ರೆ ದೂರ, ದಾರಿಯಲ್ಲೇ ಆದ್ರೆ ಅಂತ ತಲೆಬಿಸಿ.

ಇದ್ರಲ್ಲಿ ಒಂದೂ ಹುಚ್ಚು ಕಾರಣ ಅಲ್ಲ ಅಂತ ನನ್ನ ಅಭಿಪ್ರಾಯ. ನೋವು ಏರಿದಾಗ ಒಬ್ಬಳು ಕಿರುಚಿದ್ರೆ "ಆಗ ಗೊತ್ತಾಗ್ಲಿಲ್ವಾ, ಈಗ ಯಾಕೆ ಬೊಬ್ಬೆ" ಅನ್ನುವ ಮಾತು ಲೇಬರ್ ರೂಮುಗಳಲ್ಲಿ ನನ್ನ ಕಿವಿಯಾರೆ ಕೇಳಿದ್ದೇನೆ. ಆ ಹುಡುಗಿ ಮತ್ತೆ ಬಾಯಿ ಬಿಡ್ಲಿಲ್ಲ, ಮಂಚದ ಕಬ್ಬಿಣದ ಸರಳನ್ನು ಹಿಡ್ಕೊಂಡು ಹಲ್ಲು ಕಚ್ಚಿ ಮಲಗಿದ್ಳು, ನೀರು ಬೇಕಾ ಅಂತ ಕೇಳಿದ್ದಕ್ಕೂ ತಲೆ ಅಲ್ಲಾಡಿಸಿ ಬೇಡ ಅಂದ್ಳು. ಅವಳಿಗೆ ಎರಡನೆಯದು ಮನೆಯಲ್ಲೇ ಆಗ್ಲಿ ಅನ್ನಿಸಿದ್ರೆ ತಪ್ಪು ಯಾರದ್ದು?

ಅಜ್ಜಿ ಕತೆ ಮಾತ್ರ ಬೇರೆ. "ನಮ್ಮಜ್ಜಿ ಹತ್ತು ಹೆತ್ತದ್ದು ಮನೆಯ ಕತ್ತಲೆ ಕೋಣೆಯಲ್ಲೇ, ಎಂತದೂ ಆಗ್ಲಿಲ್ಲ" ಅಂತ ಹೇಳುವವರು ಹತ್ತರಲ್ಲಿ ಎಷ್ಟು ಉಳಿದದ್ದು ಅಂತ ಅಜ್ಜಿ ಹತ್ರ ಕೇಳಿ ನೋಡ್ಬೇಕು, ಮತ್ತೆ ಬಾಣಂತನದಲ್ಲೇ ಹೋದ ಅಜ್ಜಿಯರು ಕತೆ ಹೇಳ್ಲಿಕ್ಕೆ ಉಳೀಲಿಲ್ಲ ಅಲ್ವಾ. ಪಾವಗಡದ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಸಿಕ್ಕಿತು, ಅವರ ಕೈಗುಣದ ಬಗ್ಗೆ ನನಗೆ ಎರಡು ಮಾತಿಲ್ಲ, ಆದ್ರೆ ಅಂಥ ಕೈ ಈಗ ನಮ್ಮೂರಲ್ಲಿ ಯಾರದ್ದು ಉಂಟು ಹೇಳಿ. ಅಜ್ಜಿಯ ಕಾಲ ಹೋಯ್ತು, ಅವಳಿಗೆ ಕಲಿಸಿದವಳೂ ಹೋದಳು.

ಈಗ ಬಲಗಡೆ ಸಾಲು. ಇಲ್ಲೇ ಇರುದು ನಿಜವಾದ ಕೆಲಸ.

ಜೊತೆಗೆ ಒಬ್ಬರು ಇರುದು, ಎದ್ದು ಓಡಾಡುದು, ಬೇಕಾದ ಹಾಗೆ ಕೂರುದು, ಒಂದಿಷ್ಟು ತಿನ್ನುದು ಕುಡಿಯುದು, ಎಲ್ಲರಿಗೂ ಅಂತ ಕತ್ತರಿ ಹಾಕದೆ ಇರುದು, ಎನಿಮಾ ಶೇವಿಂಗ್ ರೂಢಿಗೆ ಅಂತ ಮಾಡದೆ ಇರುದು, ಹೊಟ್ಟೆ ಮೇಲೆ ಒತ್ತಿ ಮಗುವನ್ನು ತಳ್ಳದೆ ಇರುದು, ಮಗುವನ್ನು ತಾಯಿಯ ಎದೆ ಮೇಲೆ ಒಂದು ಗಂಟೆ ಇಡುದು, ಹೊಕ್ಕುಳಬಳ್ಳಿ ಕತ್ತರಿಸ್ಲಿಕ್ಕೆ ಒಂದು ನಿಮಿಷವಾದ್ರೂ ಕಾಯುದು, ಇದಿಷ್ಟೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಮಾರ್ಗಸೂಚಿಯಲ್ಲಿ ಉಂಟು. ನಮ್ಮ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಸಂಗಾತಿಯನ್ನು ಬಿಡ್ಬೇಕು ಅಂತ ಹೇಳಿದೆ, ಆಮೇಲೆ 2017ರಲ್ಲಿ ಲಕ್ಷ್ಯ ಅಂತ ಲೇಬರ್ ರೂಮ್ ಸುಧಾರಿಸುವ ಯೋಜನೆ ಬಂತು, ಅದ್ರಲ್ಲಿ ಗರ್ಭಿಣಿಗೆ ಮರ್ಯಾದೆ ಕೊಟ್ಟು ಮಾತಾಡುದೂ ಒಂದು ಅಂಶ. ಕಾಗದದಲ್ಲಿ ಇದ್ದದ್ದೆಲ್ಲ ವಾರ್ಡಲ್ಲಿ ಇರ್ತದೆ ಅಂತ ಅಲ್ಲ. ಆದ್ರೆ ನೀವು ಕೇಳುದು ವಿದೇಶಿ ಶೋಕಿ ಅಲ್ಲ, ಅದು ಪುಸ್ತಕದಲ್ಲೇ ಇರುವ ವಿಷಯ ಅಂತ ಗೊತ್ತಿದ್ರೆ ಕೇಳ್ಲಿಕ್ಕೆ ಧೈರ್ಯ ಬರ್ತದೆ.

ಕೇಳುದು ಯಾವಾಗ? ನೋವು ಬಂದ ಮೇಲೆ ಅಲ್ಲ, ಎಂಟನೇ ತಿಂಗಳಲ್ಲಿ, ಓಪಿಡಿ ರಶ್ ಕಮ್ಮಿ ಇರುವ ದಿನ ನೋಡಿ. ಕೇಳುವ ಧಾಟಿಯೂ ಮುಖ್ಯ, ಲಾಯರ್ ನೋಟಿಸ್ ಓದಿದ ಹಾಗೆ ಓದಿದ್ರೆ ಡಾಕ್ಟರ್ ಮುಖ ಗಂಟು ಹಾಕ್ತಾರೆ. "ಮೇಡಂ, ಹೋದ ಸಲ ನಂಗೆ ತುಂಬ ಹೆದರಿಕೆ ಆಗಿತ್ತು, ಈ ಸಲ ಅಮ್ಮ ಒಳಗೆ ಜೊತೆಗೆ ಇರ್ಬಹುದಾ?" ಅಂತ ಶುರು ಮಾಡಿ. ಆಮೇಲೆ ಒಂದೊಂದಾಗಿ: ಇಲ್ಲಿ ಕತ್ತರಿ ಎಲ್ಲರಿಗೂ ಹಾಕ್ತೀರಾ ಅಥವಾ ಬೇಕಾದವರಿಗೆ ಮಾತ್ರವಾ, ಡ್ರಿಪ್ ಹಾಕಿದ್ರೂ ನಡೀಲಿಕ್ಕೆ ಬಿಡ್ತೀರಾ, ನೋವಿಗೆ ಎಂತ ಕೊಡ್ತೀರಿ, ರಾತ್ರಿ ಎರಡು ಗಂಟೆಗೆ ಬಂದ್ರೆ ಯಾರು ನೋಡ್ತಾರೆ, ಅರಿವಳಿಕೆ ಡಾಕ್ಟರ್ ಅಲ್ಲೇ ಇರ್ತಾರಾ ಅಥವಾ ಫೋನ್ ಮಾಡಿ ಕರೆಸುದಾ. ಕೊನೆಯ ಎರಡು ಪ್ರಶ್ನೆ ಯಾರೂ ಕೇಳುದಿಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಕೇಳ್ಬೇಕಾದ್ದು ಅದನ್ನೇ. ಉತ್ತರ ಕೊಡುವಾಗ ಡಾಕ್ಟರ್ ನಿಮ್ಮ ಮುಖ ನೋಡ್ತಾರಾ ಇಲ್ಲ ಮುಂದಿನ ಪೇಷಂಟಿನ ಫೈಲ್ ತೆಗೀತಾರಾ ಅದನ್ನೂ ಗಮನಿಸಿ. ಸರಿ ಬರ್ಲಿಲ್ಲ ಅಂದ್ರೆ ಆಸ್ಪತ್ರೆ ಬದಲಿಸ್ಲಿಕ್ಕೆ ಎಂಟನೇ ತಿಂಗಳಲ್ಲಿ ಇನ್ನೂ ಟೈಮ್ ಉಂಟು. ಒಪ್ಪಿಕೊಂಡದ್ದನ್ನು ತಾಯಿ ಕಾರ್ಡ್ ಜೊತೆ ಇರುವ ಫೈಲಲ್ಲಿ ಎರಡು ಸಾಲು ಬರೆಸಿ, ನೈಟ್ ಡ್ಯೂಟಿಯವರಿಗೆ ನಿಮ್ಮ ಮಾತು ಗೊತ್ತಿರುದಿಲ್ಲ, ಡಾಕ್ಟರ್ ಅಕ್ಷರ ಗೊತ್ತಾಗ್ತದೆ.

ಸಿಸೇರಿಯನ್ ಹೆದರಿಕೆಯವರಿಗೆ ಒಂದೆರಡು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ 100ಕ್ಕೆ 47 ಸಿಸೇರಿಯನ್, ಸರ್ಕಾರಿಯಲ್ಲಿ 14. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಷ್ಟದ ಕೇಸುಗಳೆಲ್ಲ ಬಂದು ಬೀಳ್ತವೆ, ಆದ್ರೂ ಈ ವ್ಯತ್ಯಾಸ. ಹಾಗಾಗಿ ದುಡ್ಡಿನ ಮತ್ತು ಸಿಸೇರಿಯನ್ನಿನ ಹೆದರಿಕೆ ಇದ್ದವರು ಮನೆ ಅಂತ ಹೊರಡುವ ಮೊದಲು ಲೇಡಿಗೋಶನ್ನಿಗೋ ಉಡುಪಿಯ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆಗೋ ಒಮ್ಮೆ ಹೋಗಿ ನೋಡಿ ಬನ್ನಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಆದ್ರೂ ಸಿಸೇರಿಯನ್ ಆದ್ರೂ ಖರ್ಚಿಲ್ಲ, ಮದ್ದು, ರಕ್ತ, ಊಟ ಎಲ್ಲ ಅದ್ರಲ್ಲೇ. ಜನ ಜಾಸ್ತಿ, ಟಾಯ್ಲೆಟ್ ವಿಷಯದಲ್ಲಿ ಗೊಣಗ್ಬಹುದು, ಅದು ಬೇರೆ ಮಾತು.

ಮತ್ತೆ ಗುಟ್ಟು ಅಂತ ಹೇಳುದಾದ್ರೆ ಇದು: ಹೆರಿಗೆಯ ಅರ್ಧ ಭಾಗ ಮನೆಯಲ್ಲೇ ಮಾಡ್ಬಹುದು. ಮೊದಲ ಹೆರಿಗೆಯಲ್ಲಿ ಸಣ್ಣ ಸಣ್ಣ ನೋವು ಶುರುವಾಗಿ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವ ತನಕ ಎಷ್ಟೋ ಹೊತ್ತು, ಕೆಲವರಿಗೆ ಒಂದು ದಿನವೇ ಹಿಡೀತದೆ, ಈ 5ರ ನಂತರವೇ ನಿಜವಾದ ಜೋರು ಹಂತ ಅಂತ ಅದೇ 2018ರ ಮಾರ್ಗಸೂಚಿ ಹೇಳುದು, ಮೊದಲಿನ ಹಾಗೆ ಗಂಟೆಗೆ ಒಂದು ಸೆಂಟಿಮೀಟರ್ ತೆರೀಲೇಬೇಕು ಅನ್ನುವ ಲೆಕ್ಕವೂ ಈಗ ಇಲ್ಲ. ನಮ್ಮವರು ಎಂತ ಮಾಡ್ತಾರೆ, ಮೊದಲ ಚುಳುಕಿಗೇ ಬ್ಯಾಗ್ ಹಿಡ್ಕೊಂಡು ಓಡ್ತಾರೆ, ಅಲ್ಲಿ ಅಡ್ಮಿಟ್ ಮಾಡಿ ಮಲಗಿಸಿದ್ರೆ ಗಡಿಯಾರ ನೋಡ್ಲಿಕ್ಕೆ ಶುರು, ಸಂಜೆ ಆಗುವಾಗ "ಪ್ರೋಗ್ರೆಸ್ ಇಲ್ಲ" ಅಂತ ಮಾತು ಬರ್ತದೆ. ಅದ್ರ ಬದಲು, ನಿಮ್ಮದು ರಿಸ್ಕ್ ಇಲ್ಲದ ಬಸಿರಾಗಿದ್ರೆ, ಡಾಕ್ಟರ್ ಹತ್ರ ಮೊದಲೇ ಕೇಳಿಟ್ಟು, ಈ ಹೊತ್ತನ್ನು ಮನೆಯಲ್ಲಿ ಕಳೀರಿ. ಬಚ್ಚಲಲ್ಲಿ ಕೂತು ಹಂಡೆಯ ಬಿಸಿನೀರು ಸೊಂಟಕ್ಕೆ ಹೊಯ್ಸಿಕೊಳ್ಳಿ, ಗಂಜಿ ಚಟ್ನಿ ತಿನ್ನಿ, ಎಳನೀರು ಕುಡೀರಿ, ಚಾವಡಿಯಲ್ಲಿ ಆಚೆ ಈಚೆ ನಡೀರಿ, ನಿದ್ದೆ ಬಂದ್ರೆ ಎಡಕ್ಕೆ ಮಗ್ಗುಲಾಗಿ ಮಲಗಿ. ಮನೆ ಹೆರಿಗೆ ಬೇಕು ಅನ್ನುವವರಿಗೆ ಬೇಕಾದ್ದು ಮುಕ್ಕಾಲು ಪಾಲು ಇದೇ: ತನ್ನ ಮನೆ, ತನ್ನ ಜನ, ಅವಸರ ಇಲ್ಲದ ಹೊತ್ತು.

ಹೊರಡುದು ಯಾವಾಗ ಅಂದ್ರೆ, ಮೊದಲ ಹೆರಿಗೆಗೆ ಐದು ನಿಮಿಷಕ್ಕೊಮ್ಮೆ ನೋವು ಬಂದು ಒಂದೊಂದೂ ಒಂದು ನಿಮಿಷ ನಿಂತು ಹಾಗೇ ಒಂದು ಗಂಟೆ ಮುಂದುವರಿದ್ರೆ. ಎರಡನೆಯದಕ್ಕೆ ಇಷ್ಟು ಕಾಯ್ಬೇಡಿ, ನೋವು ಒಂದು ಲಯಕ್ಕೆ ಬಂತು ಅನ್ನುವಾಗಲೇ ಹೊರಡಿ. ನೀರು ಹೋದ್ರೆ, ರಕ್ತ ಹೋದ್ರೆ, ಮಗು ಅಲ್ಲಾಡುದು ಕಮ್ಮಿ ಆದ್ರೆ, ತಲೆನೋವು ಕಣ್ಣು ಮಂಜು ಆದ್ರೆ, 37 ವಾರ ತುಂಬುವ ಮೊದಲೇ ನೋವು ಬಂದ್ರೆ ಲಯವೂ ಇಲ್ಲ ಲೆಕ್ಕವೂ ಇಲ್ಲ, ಸೀದಾ ಹೊರಡುದು. ದೂರದವರು ದಾರಿಯ ಟೈಮನ್ನೂ ಸೇರಿಸಿ, ಬೈಂದೂರಿಂದ ಮಣಿಪಾಲಕ್ಕೆ 70 ಕಿಲೋಮೀಟರ್ ಆಸುಪಾಸು, ಜುಲೈ ತಿಂಗಳ ಮಳೆಯಲ್ಲಿ ಹೈವೇ ಮೇಲೆ ನೀರು ನಿಂತ್ರೆ ಎಷ್ಟು ಹೊತ್ತು ಅಂತ ನೀವೇ ಅಂದಾಜು ಮಾಡಿ. ಮಳೆಗಾಲದಲ್ಲಿ ದಿನ ತುಂಬುವವರು ಪೇಟೆಯಲ್ಲಿ ಇರುವ ಅಕ್ಕನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಹದಿನೈದು ದಿನ ಮೊದಲೇ ಬಂದು ಉಳಿಯುದು ಒಳ್ಳೇದು, ಎರಡನೆಯದು ಬೇಗ ಆಗಿಬಿಡ್ತದೆ ಅನ್ನುವ ಹೆದರಿಕೆಗೂ ಇದೇ ಮದ್ದು.

ಈಗ, ಇಷ್ಟೆಲ್ಲ ಹೇಳಿದ ಮೇಲೂ ಹೆರಿಗೆ ಪೂರ್ತಿ ಮನೆಯಲ್ಲೇ ಅನ್ನುವವರಿಗೆ. ಕೆಲವರಿಗೆ ಈ ಮಾತೇ ಇಲ್ಲ: ಮೊದಲು ಸಿಸೇರಿಯನ್ ಆದವರು, ಅವಳಿ, ಮಗು ಅಡ್ಡ ಅಥವಾ ಕಾಲು ಕೆಳಗೆ, ಬಿಪಿ, ಶುಗರ್, ರಕ್ತ ಕಮ್ಮಿ, ಮಾಸು (ಪ್ಲಾಸೆಂಟಾ) ಕೆಳಗೆ ಕೂತದ್ದು, ಹೋದ ಸಲ ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋದವರು, ದಿನ ತುಂಬದ್ದು ಅಥವಾ ಮೀರಿದ್ದು. ಸಿಸೇರಿಯನ್ ಆದವರಲ್ಲಿ ಎಷ್ಟೋ ಜನ "ನಾರ್ಮಲ್ ಟ್ರೈ ಮಾಡ್ಲಿಕ್ಕೇ ಬಿಡುದಿಲ್ಲ" ಅಂತ ಸಿಟ್ಟಲ್ಲಿ ಮನೆ ಅಂತಾರೆ. ಸಿಟ್ಟು ನ್ಯಾಯವೇ, ಆದ್ರೆ ಗರ್ಭಕೋಶದ ಹಳೇ ಹೊಲಿಗೆ ಬಿಟ್ಟುಕೊಂಡ್ರೆ ಉಳಿಯುದು ನಿಮಿಷಗಳ ಲೆಕ್ಕ, ಅಂಥವರು ರಾತ್ರಿ ಹಗಲು ಆಪರೇಷನ್ ಥಿಯೇಟರ್ ನಡೆಯುವ ದೊಡ್ಡ ಆಸ್ಪತ್ರೆಯಲ್ಲಿ ನಾರ್ಮಲ್ ಟ್ರೈ ಮಾಡ್ತೀರಾ ಅಂತ ಕೇಳಿ, ಒಪ್ಪುವವರು ಇದ್ದಾರೆ.

ರಿಸ್ಕ್ ಇಲ್ಲದವರಿಗೂ ಒಂದು ಲೆಕ್ಕ ಗೊತ್ತಿರ್ಲಿ. ಇಂಗ್ಲೆಂಡಲ್ಲಿ 2011ರಲ್ಲಿ ಬಂದ ದೊಡ್ಡ ಅಧ್ಯಯನ, ಅಲ್ಲಿ ಮನೆಗೆ ಬರುದು ಲೈಸೆನ್ಸ್ ಇರುವ ಮಿಡ್‌ವೈಫ್, ಅಂದ್ರೆ ಹೆರಿಗೆ ಮಾಡಿಸ್ಲಿಕ್ಕೆ ಅಂತಲೇ ಕಲಿತವರು, ಕೈಯಲ್ಲಿ ಮದ್ದು ಆಕ್ಸಿಜನ್ ಎಲ್ಲ ಇರ್ತದೆ, ಹಿಂದೆ ಆಸ್ಪತ್ರೆ ತಯಾರಿರ್ತದೆ. ಅಷ್ಟಿದ್ದೂ ಚೊಚ್ಚಲ ಬಸುರಿಯರಲ್ಲಿ 100ಕ್ಕೆ 45 ಜನರನ್ನು ನಡುವಲ್ಲೋ ಹೆರಿಗೆ ಮುಗಿದ ಕೂಡಲೇಯೋ ಆಸ್ಪತ್ರೆಗೆ ಕೊಂಡು ಹೋಗ್ಬೇಕಾಯ್ತು, ಮಗುವಿಗೆ ಗಂಭೀರ ತೊಂದ್ರೆ ಆದದ್ದು ಸಾವಿರಕ್ಕೆ 9.3, ಆಸ್ಪತ್ರೆಯಲ್ಲಿ ಹೆತ್ತವರಲ್ಲಿ 5.3. ಎರಡನೇ ಮೂರನೇ ಹೆರಿಗೆಯವರಲ್ಲಿ ಮಗುವಿನ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಸಾಗಿಸಿದ್ದೂ 100ಕ್ಕೆ 12. ಅಂದ್ರೆ ಅಲ್ಲಿ ಎರಡನೆಯದಕ್ಕೆ ಮನೆ ಅನ್ನುದು ಲೆಕ್ಕದ ಮಾತು. ಇಲ್ಲಿ ಆ ಮಿಡ್‌ವೈಫೂ ಇಲ್ಲ ಆ ಏರ್ಪಾಡೂ ಇಲ್ಲ, ಹಾಗಾಗಿ ಅಲ್ಲಿನ ವಿಡಿಯೋ ನೋಡಿ ಇಲ್ಲಿ ಮಾಡಿದ್ರೆ ಅದು ಬೇರೆಯೇ ಕೆಲಸ ಆಗ್ತದೆ. 2018ರಲ್ಲಿ ತಿರುಪ್ಪೂರಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆತ್ತ ಒಬ್ಬ ಟೀಚರ್ ರಕ್ತ ನಿಲ್ಲದೆ ತೀರಿಕೊಂಡದ್ದು ಪೇಪರಲ್ಲೆಲ್ಲ ಬಂದಿತ್ತು.

ಯಾರಾದ್ರೂ ನಾನು ಬಂದು ಮಾಡಿಸ್ತೇನೆ ಅಂದ್ರೆ ಕೇಳ್ಬೇಕಾದ್ದು ಕೇಳಿ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಉಂಟಾ, ಅಥವಾ ಡಾಕ್ಟರಾ? ಡೌಲಾ ಅಂದ್ರೆ ಧೈರ್ಯ ಹೇಳಿ ಸೊಂಟ ಉಜ್ಜುವವರು, ಒಳ್ಳೆಯವರೇ, ಆದ್ರೆ ರಕ್ತ ನಿಲ್ಲಿಸ್ಲಿಕ್ಕೆ ಅವರಿಂದ ಆಗುದಿಲ್ಲ. ಹೆರಿಗೆ ಆದ ಕೂಡಲೇ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಕೋಲ್ಡಲ್ಲಿ ಇಟ್ಟು ತರ್ತಾರಾ, ಮಗುವಿಗೆ ಉಸಿರು ಕೊಡುವ ಬ್ಯಾಗ್ ಮಾಸ್ಕ್ ಉಂಟಾ, ಅದನ್ನು ಈ ವರ್ಷ ಕೈಯಲ್ಲಿ ಹಿಡಿದಿದ್ದಾರಾ, ಮಗುವಿನ ಎದೆಬಡಿತ ಎಷ್ಟು ಹೊತ್ತಿಗೊಮ್ಮೆ ಕೇಳ್ತಾರೆ, ಯಾವ ಆಸ್ಪತ್ರೆಗೆ ಕಳಿಸ್ತಾರೆ ಮತ್ತು ಆ ಆಸ್ಪತ್ರೆಗೆ ಇದು ಗೊತ್ತುಂಟಾ. ಒಂದಕ್ಕೆ ತಡವರಿಸಿದ್ರೂ ಬೇಡ ಅನ್ನಿ. ಆಸ್ಪತ್ರೆ ಕಾರಲ್ಲಿ ಇಪ್ಪತ್ತು ನಿಮಿಷಕ್ಕಿಂತ ದೂರ ಇದ್ರೆ ನನ್ನ ಕಡೆಯಿಂದ ಬೇಡವೇ ಬೇಡ, ಕರೆಂಟ್ ಹೋದ ಮನೆಯಲ್ಲಿ ಟಾರ್ಚ್ ಹಿಡ್ಕೊಂಡು ರಕ್ತ ಎಷ್ಟು ಹೋಯ್ತು ಅಂತ ಅಳೆಯುದು ನನಗೆ ಬೇಕಾಗಿಲ್ಲ.

ಬೇಕು ಅಂತ ಅಲ್ಲ, ಹೊರಡುವ ಮೊದಲೇ ಮಗು ಬಂದುಬಿಟ್ರೆ? ಇದು ಪ್ರತಿ ಮನೆಯವರಿಗೂ ಗೊತ್ತಿರ್ಬೇಕಾದ್ದು. 108ಕ್ಕೆ ಹಚ್ಚಿ ಫೋನ್ ಸ್ಪೀಕರಲ್ಲಿ ಇಡಿ. ಒಬ್ಬರು ಹೋಗಿ ಗೇಟು ತೆಗ್ದು, ನಾಯಿ ಕಟ್ಟಿ, ರಸ್ತೆ ತಿರುವಲ್ಲಿ ನಿಲ್ಲಿ. ಒಳಗೆ ಇರುವವರು ಸೋಪು ಹಾಕಿ ಕೈ ತೊಳೀರಿ, ನೆಲದಲ್ಲಿ ಹಾಸಿಗೆ ಹಾಕಿ ಒಗೆದ ಬೆಡ್‌ಶೀಟ್ ಹಾಸಿ, ಬಾತ್ರೂಮಿಗೆ ಹೋಗ್ಬೇಕು ಅಂತ ಅವಳು ಹೇಳಿದ್ರೂ ಬಿಡ್ಬೇಡಿ, ಅದು ಮಗು ಬರುವ ಒತ್ತಡ. ತಲೆ ಬರುವಾಗ ಎಳೀಬೇಡಿ, ಕೈ ಒಡ್ಡಿ ಆಧಾರ ಕೊಡಿ ಅಷ್ಟೇ. ಕುತ್ತಿಗೆಗೆ ಬಳ್ಳಿ ಸುತ್ತಿ ಸಡಿಲ ಇದ್ರೆ ತಲೆ ಮೇಲಿಂದ ದಾಟಿಸಿ. ಮಗು ಬಂದ ಕೂಡಲೇ ಮೆತ್ತಗಿನ ಒಣ ಬೈರಾಸಿನಲ್ಲಿ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿ, ಒದ್ದೆ ಬೈರಾಸು ಬಿಸಾಡಿ, ಬರಿ ಮೈಯಲ್ಲೇ ತಾಯಿಯ ಎದೆ ಮೇಲೆ ಇಟ್ಟು ಇಬ್ಬರಿಗೂ ಸೇರಿಸಿ ಹೊದಿಸಿ, ತಲೆಗೆ ಟೊಪ್ಪಿ. ಕಾಲು ಹಿಡ್ದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿಯುದೆಲ್ಲ ಸಿನೆಮಾದಲ್ಲಿ, ಇಲ್ಲಿ ಬೇಡ. ಅಳದೆ ಉಸಿರಾಡದೆ ಇದ್ರೆ ಫೋನಲ್ಲಿ ಇರುವವರಿಗೆ ಆಗಲೇ ಹೇಳಿ, ಅವರು ಹೇಳಿದ ಹಾಗೆ ಮಾಡಿ. ಅಡುಗೆಮನೆ ಕತ್ತಿಯಿಂದ ಬಳ್ಳಿ ಕೊಯ್ಯಲಿಕ್ಕೆ ಹೋಗ್ಬೇಡಿ, ಆಂಬುಲೆನ್ಸ್ ಬರುವ ತನಕ ಅದು ಹಾಗೇ ಇರ್ಲಿ. ಮಾಸನ್ನು ಎಳೀಬೇಡಿ, ತಾನಾಗಿ ಬಿದ್ರೆ ಒಂದು ಪಾತ್ರೆಯಲ್ಲಿ ಇಟ್ಟು ಜೊತೆಗೇ ಕೊಂಡು ಹೋಗಿ. ಮಗುವಿನ ಬಾಯಿ ಮೊಲೆಗೆ ಹಚ್ಚಿ, ಅದ್ರಿಂದ ಗರ್ಭಕೋಶ ಬಿಗಿ ಆಗ್ತದೆ. ಮಾಸು ಬಿದ್ದ ಮೇಲೂ ರಕ್ತ ಹರೀತಾ ಇದ್ರೆ ಹೊಕ್ಕುಳ ಕೆಳಗೆ ಗಟ್ಟಿ ಆಗುವ ತನಕ ಕೈಯಲ್ಲಿ ಒತ್ತಿ ತಿಕ್ಕಿ. ಜೇನು, ಬಜೆ, ಸಕ್ಕರೆ ನೀರು ಎಂತದೂ ಮಗುವಿನ ಬಾಯಿಗೆ ಬೇಡ, ಸ್ನಾನವೂ ಒಂದು ದಿನ ಕಳೀಲಿ.

ಎಲ್ಲ ಚಂದ ಆಯ್ತು ಅಂತ ಮನೆಯಲ್ಲೇ ಕೂರುವವರೂ ಇದ್ದಾರೆ. ಕೂರ್ಬೇಡಿ, ಅವತ್ತೇ ತಾಯಿ ಮಗು ಇಬ್ಬರನ್ನೂ ತೋರಿಸಿ. ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್, ಬಿಸಿಜಿ, ಪೋಲಿಯೋ ಹನಿ ಆಗ್ಬೇಕು, ಹೆಪಟೈಟಿಸ್ ಬಿ ಮೊದಲ ಡೋಸ್ 24 ಗಂಟೆ ಒಳಗೆ. ತಾಯಿಯ ಬ್ಲಡ್ ಗ್ರೂಪ್ ನೆಗೆಟಿವ್, ಮಗುವಿನದ್ದು ಪಾಸಿಟಿವ್ ಇದ್ರೆ 72 ಗಂಟೆ ಒಳಗೆ ತಾಯಿಗೆ ಆಂಟಿ ಡಿ ಇಂಜೆಕ್ಷನ್. ಒಳಗೆ ಹರಿದಿದ್ರೆ ಹೊಲಿಗೆ ಬೇಕಾಗ್ತದೆ. ಆಶಾ ಕಾರ್ಯಕರ್ತೆಗೆ ಹೇಳಿ, ಮನೆ ಹೆರಿಗೆ ಆದ್ರೆ ಅವರು 1, 3, 7, 14, 21, 28, 42ನೇ ದಿನ ಬಂದು ಮಗು ನೋಡ್ಬೇಕು ಅಂತ ಉಂಟು, ಅದು ನಿಮ್ಮ ಹಕ್ಕು, ನಾಚಿಕೆ ಮಾಡಿ ಮುಚ್ಚಿಡ್ಬೇಡಿ.

ಕೊನೆಗೆ ಕಾಗದ. ಆಸ್ಪತ್ರೆಯಲ್ಲಿ ಆದ್ರೆ ಜನನದ ಮಾಹಿತಿ ಅವರೇ ಕಳಿಸ್ತಾರೆ, ಮನೆಯಲ್ಲಿ ಆದ್ರೆ ಮನೆ ಯಜಮಾನರೇ 21 ದಿನದ ಒಳಗೆ ಕೊಡ್ಬೇಕು, ಎಲ್ಲಿ ಯಾರಿಗೆ ಅಂತ ಪಂಚಾಯ್ತಿಯಲ್ಲೋ ನಗರಸಭೆಯಲ್ಲೋ ಕೇಳಿದ್ರೆ ಹೇಳ್ತಾರೆ. ಆಮೇಲೆ ಕೊಟ್ರೆ ದಂಡ, ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ ಅಂತ ಅಲೆದಾಟ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣ ಪತ್ರವೇ ಹುಟ್ಟಿದ ದಿನಕ್ಕೆ ದಾಖಲೆ. ತೊಟ್ಟಿಲು ಹಾಕಿಲ್ಲ, ಹೆಸರು ಇಟ್ಟಿಲ್ಲ ಅಂತ ಕಾಯ್ಬೇಡಿ, ಹೆಸರಿಲ್ಲದೆ ನೋಂದಾಯಿಸಿ ಒಂದು ವರ್ಷದ ಒಳಗೆ ಹೆಸರು ಸೇರಿಸಿದ್ರೆ ದುಡ್ಡೂ ಇಲ್ಲ.